ಮೂರನೆಯ ತೂತು

ಪ್ರತಿಯೊಬ್ಬರಿಗೂ ತಮ್ಮ ದೇಹದ ಯಾವುದಾದರೊಂದು ಅಂಗದ ಬಗ್ಗೆ ಒಳಗೊಳಗೇ ಹೆಮ್ಮೆ ಇರುತ್ತದೆ. ಅಂಕೋಲೆಯಲ್ಲಿದ್ದ ನನ್ನ ದೊಡ್ಡಪ್ಪನಿಗೆ ಹಲ್ಲಿನ ಬಗ್ಗೆ ಇತ್ತು. ಎಪ್ಪತ್ತು ದಾಟಿದ ಮೇಲೂ ಇಡೀ ಅಡಕೆಯನ್ನು ಬಾಯಲ್ಲೇ ಒಡೆದು, ಆ ಸದ್ದು ಎಲ್ಲರಿಗೂ ಕೇಳಿಸಿತೋ ಇಲ್ಲವೋ ಎಂದು ಸುತ್ತ ನೋಡುತ್ತಿದ್ದರು. ನಮ್ಮ ಕಚೇರಿಯ ಹಿರಿಯರೊಬ್ಬರಿಗೆ ಮೂಗಿನ ಬಗ್ಗೆ ಇದೆ. ಬಿಸಿಲಿಗೆ ಡಾಂಬರು ಕರಗುವ ದಿನವೂ ಕಿಟಕಿಯ ಬಳಿ ನಿಂತು, "ಸಂಜೆ ಮಳೆ ಇದೆ, ವಾಸನೆ ಬಂತು" ಎನ್ನುತ್ತಾರೆ. ಹತ್ತು ಸಲ ಹೇಳಿದರೆ ಒಂದು ಸಲ ಮಳೆ ಬರುತ್ತದೆ. ಆ ಒಂದು ಸಲದ ಕತೆಯನ್ನು ಮುಂದಿನ ಮಳೆಗಾಲದವರೆಗೂ ನಾವು ಕೇಳಬೇಕಾಗುತ್ತದೆ. ನನ್ನ ಹೆಮ್ಮೆ ಇದ್ದದ್ದು ಕಿವಿಯ ಬಗ್ಗೆ. ನನಗೆ ಹಾಡಲು ಬರುವುದಿಲ್ಲ, ಯಾವ ವಾದ್ಯವನ್ನೂ ನುಡಿಸಲು ಬರುವುದಿಲ್ಲ. ಆದರೆ ಚಿಕ್ಕಂದಿನಲ್ಲಿ ಭಜನೆಯ ಹೊತ್ತಿಗೆ ಹೊರಗೆ ಚಪ್ಪಲಿ ಕಾಯುತ್ತ ನಿಂತೇ, ಒಳಗಿನ ತಬಲಾದ ಶ್ರುತಿ ಇಳಿದಿದೆ ಎಂದು ಹೇಳುತ್ತಿದ್ದೆ. ಯಾರಿಗೆ ಹೇಳುತ್ತಿದ್ದೆ ಎಂದು ಕೇಳಬೇಡಿ. ಚಪ್ಪಲಿಗಳಿಗೇ ಹೇಳುತ್ತಿದ್ದೆ ಎಂದಿಟ್ಟುಕೊಳ್ಳಿ. ದೊಡ್ಡವನಾದ ಮೇಲೆ ಕಾರವಾರದಲ್ಲಿ ಸರಕಾರಿ ಕಚೇರಿಯೊಂದರಲ್ಲಿ ಸೇರಿಕೊಂಡು, ಜನರ ಅಹವಾಲುಗಳನ್ನು ಓದಿ ಅವು ಹೋಗಬೇಕಾದ ಟೇಬಲ್ಲಿಗೆ ಕಳಿಸುವ ಕೆಲಸವನ್ನು ಇಪ್ಪತ್ತೇಳು ವರ್ಷ ಮಾಡಿದರೂ, ನನ್ನ ಕಿವಿ ಇಂಥ ಕೆಲಸಕ್ಕೆ ಹುಟ್ಟಿದ್ದಲ್ಲ ಎಂಬ ನಂಬಿಕೆ ಮಾತ್ರ ಹೋಗಿರಲಿಲ್ಲ. ಈ ಮಾತು ಬಂದಾಗಲೆಲ್ಲ ಲತಾ ಎದ್ದು ಒಳಗೆ ಹೋಗುತ್ತಾಳೆ. ಲತಾ ನನ್ನ ಹೆಂಡತಿ. ಊರಂಚಿನ ಪ್ರಾಥಮಿಕ ಶಾಲೆಯಲ್ಲಿ ಅಕ್ಕೋರು, ಅಂದರೆ ಟೀಚರು. ದಿನವಿಡೀ ನಲವತ್ತು ಮಕ್ಕಳ ಗಲಾಟೆ ಕೇಳಿ ಬರುವವಳಿಗೆ ಮನೆಯಲ್ಲಿ ಬೇಕಾದದ್ದು ಸಂಗೀತವಲ್ಲ, ಸದ್ದಿಲ್ಲದ ಅರ್ಧ ತಾಸು ಎಂಬುದು ನನಗೆ ಹೊಳೆಯಲು ಬಹಳ ವರ್ಷ ಬೇಕಾಯಿತು.

ಐವತ್ತೆರಡನೆಯ ವಯಸ್ಸಿನಲ್ಲಿ ನಾನು ಒಂದು ಆಂಪ್ಲಿಫಾಯರ್ ಮತ್ತು ಎರಡು ಸ್ಪೀಕರ್ ತಂದೆ. ಹೊಸದಲ್ಲ. ಗೋವೆಯಲ್ಲಿ ಯಾರೋ ಮನೆ ಖಾಲಿ ಮಾಡುತ್ತ ಮಾರಿದ್ದು. ಕೊಡಿಸಿದವನು ಮಾಜಾಳಿಯ ದಿನಕರ, ನನ್ನ ಹೈಸ್ಕೂಲು ಗೆಳೆಯ. ದಿನಾ ಬೆಳಿಗ್ಗೆ ಗಡಿ ದಾಟಿ ಗೋವೆಗೆ ಹೋಗಿ, ಅಲ್ಲಿಯ ಹೊಟೇಲೊಂದರಲ್ಲಿ ಮದುವೆ ಪಾರ್ಟಿಗಳಿಗೆ ಧ್ವನಿಯ ವ್ಯವಸ್ಥೆ ನೋಡಿಕೊಂಡು ಸಂಜೆ ಮರಳುವವನು. ಅವನೇ ತನ್ನ ಗೆಳೆಯನ ಟೆಂಪೋದಲ್ಲಿ ಅವನ್ನು ಹಳೆಯ ಸೀರೆಗಳಲ್ಲಿ ಸುತ್ತಿ ತಂದ. ಒಂದೊಂದು ಸ್ಪೀಕರೂ ಸೊಂಟದೆತ್ತರದ ಮರದ ಕಪಾಟಿನಂತಿತ್ತು. ಲತಾ ಅವನ್ನು ನೋಡಿ, "ಬಾಗಿಲು ಎಲ್ಲಿ? ಒಳಗೆ ಎಂತ ಇಡೂಕೆ ಬರ್ತದೆ?" ಎಂದು ಕೇಳಿದಳು. ಬಾಗಿಲಿಲ್ಲ, ಒಳಗೆ ಏನೂ ಇಡಲು ಬರುವುದಿಲ್ಲ ಎಂದು ತಿಳಿದಾಗ ಅವಳ ಮುಖದಲ್ಲಿ ಮೂಡಿದ ಭಾವವನ್ನು ವರ್ಣಿಸಲು ಹೋಗುವುದಿಲ್ಲ. ದಿನಕರ ತಂತಿಗಳನ್ನು ಜೋಡಿಸಿ, ನನ್ನನ್ನು ಎರಡು ಸ್ಪೀಕರಿನಿಂದಲೂ ಸಮದೂರದಲ್ಲಿ ಕುರ್ಚಿ ಹಾಕಿ ಕೂರಿಸಿ, ಸ್ವಿಚ್ ಒತ್ತಿದ. ನಾನು ಕಣ್ಣು ಮುಚ್ಚಿದೆ. ಜೀವಮಾನವೆಲ್ಲ ಟ್ರಾನ್ಸಿಸ್ಟರಿನ ಕರಕರದಲ್ಲಿ ಕೇಳಿದ ದೊಡ್ಡ ದೊಡ್ಡ ಗಾಯಕರು ಇನ್ನು ನನ್ನ ಹಾಲಿನಲ್ಲೇ ಬಂದು ಕೂರುತ್ತಾರೆ ಎಂದು ಕಾದೆ. ಯಾರೂ ಬರಲಿಲ್ಲ. ಬಂದದ್ದು ಗುಂಯ್ ಎಂಬ ಒಂದು ಸದ್ದು. ದೊಡ್ಡದೇನಲ್ಲ. ಮುಚ್ಚಿದ ಡಬ್ಬಿಯೊಳಗೆ ದುಂಬಿ ಸಿಕ್ಕಿಕೊಂಡಂತೆ ಒಂದೇ ಸಮನೆ ಗುಂಯ್ ಎನ್ನುತ್ತಿತ್ತು. ಹಾಡು ಹಚ್ಚಿದರೆ ಅದರ ಕೆಳಗೆ ಅಡಗುತ್ತಿತ್ತು, ಗಾಯಕ ಉಸಿರು ತೆಗೆದುಕೊಳ್ಳಲು ನಿಂತ ಕೂಡಲೇ ಮತ್ತೆ ಮೇಲೆ ಬರುತ್ತಿತ್ತು.

ದಿನಕರ ಹತ್ತು ನಿಮಿಷ ಅದನ್ನು ತಿರುಗಿಸಿ ಇದನ್ನು ಒತ್ತಿ ನೋಡಿ ಗಂಭೀರವಾಗಿ ಹೇಳಿದ: "ಮಷಿನ್ನಿದು ಎಂತ ತಪ್ಪಿಲ್ಲ ಮಾರಾಯ. ನಿಮ್ಮನೆ ಕರೆಂಟೇ ಗಲೀಜು."

ದಿನಕ್ಕೆರಡು ಸಲ ನೆಲ ಒರೆಸುವ ಲತಾಳಿಗೆ ಈ ಮಾತು ಅಡುಗೆಮನೆಯಲ್ಲೇ ಕೇಳಿಸಿತು. "ನಮ್ಮನೇಲಿ ಯಾವುದು ಗಲೀಜು?" ಎಂದು ಸೌಟು ಹಿಡಿದೇ ಬಂದಳು. ದಿನಕರ ಅವಳಿಗೆ, ವೋಲ್ಟೇಜು ಹೇಗೆ ಏರಿಳಿಯುತ್ತದೆ, ಫ್ರಿಜ್ಜು ಪಂಪುಗಳ ಗದ್ದಲವೆಲ್ಲ ಹೇಗೆ ಒಂದೇ ತಂತಿಯಲ್ಲಿ ಬೆರೆತು ಬರುತ್ತದೆ ಎಂದು ವಿವರಿಸಿದ. ಅವಳು ಪೂರ್ತಿ ಕೇಳಿ, "ಹಂಗಾದ್ರೆ ಅದು ಕರೆಂಟ್ ಆಫೀಸಿನವರ ಗಲೀಜು, ನಮ್ಮದಲ್ಲ" ಎಂದು ತೀರ್ಮಾನ ಕೊಟ್ಟು ಒಳಗೆ ಹೋದಳು. ನನಗೆ ಮಾತ್ರ ಆ ಕ್ಷಣದಿಂದ ಬೇರೆ ಯೋಚನೆ ಉಳಿಯಲಿಲ್ಲ.

ಮುಂದಿನ ಎರಡು ತಿಂಗಳು ನಾನು ಪಟ್ಟ ಪಾಡನ್ನು ಚಿಕ್ಕದಾಗಿ ಹೇಳುತ್ತೇನೆ. ದಿನಕರ ಹೇಳಿದಂತೆ ಪೇಟೆಯ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ, ಮೀಟರ್ ಬೋರ್ಡಿನಿಂದ ನೇರವಾಗಿ ಸಂಗೀತಕ್ಕೆಂದೇ ಬೇರೆ ಲೈನ್ ಎಳೆಸಿದೆ. ಗುಂಯ್ ಹೋಗಲಿಲ್ಲ. ಸ್ಟೆಬಿಲೈಜರ್ ತಂದೆ. ಅದು ವೋಲ್ಟೇಜು ಏರಿಳಿದಾಗಲೆಲ್ಲ ಕಟಕ್ ಕಟಕ್ ಎಂದು ತನ್ನದೇ ಬೇರೆ ತಾಳ ಹಾಕತೊಡಗಿತು. ಸಂಜೆ ಕೇಳುವ ಮೊದಲು ಮನೆಯ ಟ್ಯೂಬ್‌ಲೈಟು, ಫ್ಯಾನು ಒಂದೊಂದಾಗಿ ಆರಿಸಿ, ಯಾವುದು ಕಳ್ಳ ಎಂದು ಹುಡುಕುತ್ತಿದ್ದೆ. ಮನೆಯೆಲ್ಲ ಕತ್ತಲು ಮಾಡಿಕೊಂಡು ಬೆವರುತ್ತ ಯಮನ್ ಕೇಳುವ ಕುಟುಂಬ ಕಾರವಾರದಲ್ಲಿ ನಮ್ಮದೊಂದೇ ಇದ್ದಿರಬೇಕು. ಲತಾ ಆಗ ಮೆಟ್ಟಿಲ ಮೇಲೆ ಕೂತು, ಬೀದಿ ದೀಪದ ಬೆಳಕಿನಲ್ಲಿ ಮಕ್ಕಳ ಪಟ್ಟಿಪುಸ್ತಕ ತಿದ್ದುತ್ತಿದ್ದಳು. ಒಂದು ಭಾನುವಾರ ಬೆಳಿಗ್ಗೆ ಫ್ರಿಜ್ಜಿನ ಮೇಲೆ ಸಂಶಯ ಬಂದು ಅದನ್ನೂ ಆರಿಸಿದೆ. ಆಮೇಲೆ ಮತ್ತೆ ಹಚ್ಚಲು ಮರೆತೆ. ಮರುದಿನ ಒಳಗಿದ್ದ ಬಂಗಡೆ ಮೀನುಗಳು ತಾವೇ ಆ ವಿಷಯ ತಿಳಿಸಿದವು.

ಈ ಅವಧಿಯಲ್ಲಿ ನನಗೆ ಸಿಕ್ಕ ಒಂದೇ ಒಂದು ಮೆಚ್ಚುಗೆ ಪಕ್ಕದ ಮನೆಯ ಶಾಂತಾರಾಮ ಮಾವನದು. ಮಾವ ಎಂದರೆ ಸಂಬಂಧದಲ್ಲಿ ಅಲ್ಲ, ಬೀದಿಗೆಲ್ಲ ಮಾವ. ಭಜನೆಗೆ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುವವರು. ನನ್ನ ಹಾಲಿನಲ್ಲಿ ಬಂದು ಕೂತು, ಕಣ್ಣು ಮುಚ್ಚಿ, ತಲೆದೂಗಿ, "ತಂಬೂರಿ ಬಹಳ ಚೊಲೋ ಕೂತದೆ. ಯಾರ ಹಾಡು?" ಎಂದರು. ನಾನಿನ್ನೂ ಹಾಡು ಹಚ್ಚಿರಲಿಲ್ಲ. ಇದು ಹಾಡಲ್ಲ, ಕರೆಂಟು ಎಂದೆ. ಅವರಿಗೆ ನಾಚಿಕೆಯಾಗಲಿಲ್ಲ, ಕುತೂಹಲವಾಯಿತು. ಮನೆಗೆ ಹೋಗಿ ಪೇಟಿ ಹೊತ್ತು ತಂದು, ಒಂದೊಂದೇ ಮನೆ ಒತ್ತಿ ನೋಡಿ, "ಬಿಳಿ ಐದು. ಅದಕ್ಕಿಂತ ಕೂದಲೆಳೆಯಷ್ಟು ಮೇಲೆ" ಎಂದು ಹೇಳಿ, ಆ ಗುಂಯ್‌ಗೆ ಶ್ರುತಿ ಸೇರಿಸಿ ಒಂದು ಅಭಂಗವನ್ನೂ ಹಾಡಿ ಹೋದರು. ಸತ್ಯ ಹೇಳಬೇಕೆಂದರೆ, ಆ ಎರಡು ತಿಂಗಳಲ್ಲಿ ನಾನು ನೆಮ್ಮದಿಯಿಂದ ಕೇಳಿದ ಸಂಗೀತ ಅದೊಂದೇ.

ಕೊನೆಗೆ ನನಗೆ ಹಮ್ಮಣ್ಣನವರ ಹೆಸರು ಸಿಕ್ಕಿದ್ದು ಅಂಕೋಲೆಯ ಒಂದು ಮದುವೆ ಊಟದ ಪಂಕ್ತಿಯಲ್ಲಿ. ಅಗಸೂರಿನವರು, ಲೈನ್‌ಮನ್ ಆಗಿ ನಿವೃತ್ತರಾದವರು, ಅವರಿಗೆ ಸಿಗದ ದೋಷವಿಲ್ಲ ಎಂದರು. ಊಟ ಮುಗಿಸಿ ಅದೇ ರೇಷ್ಮೆ ಅಂಗಿಯಲ್ಲೇ ಬಸ್ಸು ಹತ್ತಿ ಅಗಸೂರಿಗೆ ಹೋದೆ. ಹಮ್ಮಣ್ಣ ಅಂಗಳದಲ್ಲಿ ಕೂತು ಬಲೆ ಹೆಣೆಯುತ್ತಿದ್ದರು. ಎಡಗೈಯಲ್ಲಿ ಕೊನೆಯ ಎರಡು ಬೆರಳು ಇರಲಿಲ್ಲ. ನನ್ನ ಕತೆಯನ್ನೆಲ್ಲ ಕೇಳಿ, "ಎಂತಾ ಸಾಹೇಬ್ರೆ, ಹಾಡು ಕೇಳೂಕೆ ಕರೆಂಟು ರಿಪೇರಿಯಾ? ನಾನು ಇಷ್ಟು ವರ್ಷ ದೀಪ ಹತ್ತೂದಿಲ್ಲ ಅಂತ ಕರೆದವರನ್ನ ಮಾತ್ರ ನೋಡಿದ್ದೆ" ಎಂದರು. ನಾನು ಆ ಗುಂಯ್ ಸದ್ದನ್ನು ಬಾಯಲ್ಲೇ ಮಾಡಿ ತೋರಿಸಿದೆ. ಅವರ ಕೈ ಬಲೆಯ ಮೇಲೆ ನಿಂತಿತು. "ಮನೇಲಿ ಅರ್ತಿಂಗ್ ಎಲ್ಲಿದೆ?" ಎಂದು ಕೇಳಿದರು. ಇದೆ, ಎಲ್ಲ ಮೂರು ತೂತಿನ ಸಾಕೆಟ್ಟುಗಳೇ ಎಂದೆ. ಅವರು ನನ್ನನ್ನು ಒಂದು ಗಳಿಗೆ ನೋಡಿ, "ನಾಡಿದ್ದು ಬತ್ತೆ" ಎಂದರು.

ಹೇಳಿದ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದರು. ಹೆಗಲಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ಇಕ್ಕಳ, ಟೆಸ್ಟರು ಮತ್ತು ಎರಡು ಉದ್ದ ತಂತಿ ಕಟ್ಟಿದ ಒಂದು ಬಲ್ಬು. ನಾನು ಅವರನ್ನು ಸ್ಪೀಕರುಗಳ ಎದುರಿಗೆ, ಅದೇ ಸಮದೂರದ ಕುರ್ಚಿಯಲ್ಲಿ ಕೂರಿಸಲು ನೋಡಿದೆ. ಅವರು ಕೂರಲಿಲ್ಲ. ಸಂಗೀತದ ಸಾಕೆಟ್ಟಿನ ಬಳಿ ಬಗ್ಗಿ, ಬಲ್ಬಿನ ಒಂದು ತಂತಿಯನ್ನು ಒಂದು ತೂತಿಗೆ, ಇನ್ನೊಂದನ್ನು ಪಕ್ಕದ ತೂತಿಗೆ ತೂರಿಸಿದರು. ಬಲ್ಬು ಝಗ್ಗನೆ ಹತ್ತಿತು. "ಇದು ಫೇಸು, ಇದು ನ್ಯೂಟ್ರಲ್. ಸರಿ ಇದೆ." ಆಮೇಲೆ ಎರಡನೆಯ ತಂತಿಯನ್ನು ತೆಗೆದು ಮೇಲಿನ ದೊಡ್ಡ ತೂತಿಗೆ ಹಾಕಿದರು. ಬಲ್ಬು ಹತ್ತಲಿಲ್ಲ. ತಂತಿಯನ್ನು ಅಲುಗಾಡಿಸಿದರು. ಹತ್ತಲಿಲ್ಲ. ಅಡುಗೆಮನೆಯ ಸಾಕೆಟ್ಟು, ಬಚ್ಚಲಿನ ಗೀಜರಿನದು, ಹಿಂದಿನ ಜಗಲಿಯದು, ಎಲ್ಲ ಕಡೆ ಅದೇ ಪರೀಕ್ಷೆ. ಎಲ್ಲಿಯೂ ಮೂರನೆಯ ತೂತಿನಲ್ಲಿ ಬಲ್ಬು ಹತ್ತಲಿಲ್ಲ.

"ಮೂರು ತೂತು ಇದ್ದ ಕೂಡ್ಲೆ ಅರ್ತ್ ಇದ್ದಂಗೆ ಅಲ್ಲ ಸಾಹೇಬ್ರೆ," ಎಂದರು. "ಸೋರಿದ ಕರೆಂಟು ನೆಲಕ್ಕೆ ಇಳಿದು ಹೋಗೂಕೆ ಒಂದು ದಾರಿ ಬೇಕು. ಆ ದಾರಿ ಈ ತೂತಿಂದ ಶುರುವಾಗ್ತದೆ. ನಿಮ್ಮದು ಎಲ್ಲಿಗೂ ಹೋಗೂದೇ ಇಲ್ಲ."

ಹಿತ್ತಲಿಗೆ ಹೋಗಿ ಗೋಡೆಗುಂಟ ಹುಡುಕಿದರು. ಹಿಂದಿನ ಜಗಲಿಯ ಮೂಲೆಯಲ್ಲಿ, ಸಿಮೆಂಟಿನಿಂದ ಗೇಣುದ್ದ ಹೊರಗೆ ಚಾಚಿಕೊಂಡಿದ್ದ ತುಕ್ಕು ಹಿಡಿದ ದಪ್ಪ ತಂತಿಯ ತುಂಡೊಂದು ಸಿಕ್ಕಿತು. ಅದರ ತುದಿಯನ್ನು ಉಜ್ಜಿ ನೋಡಿ, "ಇದು ತಾನಾಗಿ ತುಂಡಾದದ್ದಲ್ಲ. ಯಾರೋ ಕಡಿದದ್ದು" ಎಂದರು. ಯಾರು ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಇಲ್ಲವೋ, ಗೊತ್ತಿಲ್ಲ. ಆದರೆ ಆ ತುಕ್ಕಿನ ತುಂಡನ್ನು ನೋಡಿದ ಕೂಡಲೇ ನನಗೆ ನೆನಪಾಯಿತು. ಹನ್ನೊಂದು ವರ್ಷದ ಹಿಂದೆ, ಬಟ್ಟೆ ಒಗೆಯುವ ಮಷಿನ್ ಇಡಲು ಜಾಗ ಬೇಕೆಂದು ಈ ಜಗಲಿಯನ್ನು ದೊಡ್ಡದು ಮಾಡಿಸಿದ್ದೆವು. ರಜೆ ಹಾಕಿ ಕುರ್ಚಿ ಹಾಕಿಕೊಂಡು ನಾನೇ ಮೇಲ್ವಿಚಾರಣೆಗೆ ಕೂತಿದ್ದೆ. ಗಾರೆ ಕೆಲಸಕ್ಕೆ ಬಂದ ಗವಂಡಿ, ಗೋಡೆಯಿಂದ ನೆಲಕ್ಕೆ ಇಳಿದಿದ್ದ ಒಂದು ತಂತಿಯನ್ನು ತೋರಿಸಿ, "ಸಾಹೇಬ್ರೆ, ಇದು ಅಡ್ಡ ಬರ್ತದೆ, ಎಂತದಿದು?" ಎಂದು ಕೇಳಿದ್ದ. ನನಗೆ ಅದು ಏನೆಂದು ತಿಳಿದಿರಲಿಲ್ಲ. ತಿಳಿಯದು ಎಂದು ಗವಂಡಿಯ ಎದುರು ಹೇಳುವುದು ಹೇಗೆ? "ಹಳೇ ರೇಡಿಯೋದ ಏರಿಯಲ್ ಇರಬೇಕು. ಕಡಿದು ಹಾಕು" ಎಂದಿದ್ದೆ. ಅವನು ಎರಡು ಸಲ ಕೇಳಿದ್ದ. ನಾನು ಎರಡು ಸಲವೂ ಅಷ್ಟೇ ಖಚಿತವಾಗಿ ಹೇಳಿದ್ದೆ.

ಇದನ್ನು ನಾನು ಗಂಟಲಲ್ಲೇ ಇಟ್ಟುಕೊಂಡು ನಿಂತಿರುವಾಗ, ಹಮ್ಮಣ್ಣ ಜಗಲಿಯ ಮೇಲಿದ್ದ ಆ ಒಗೆಯುವ ಮಷಿನ್ನಿಗೆ ಟೆಸ್ಟರ್ ತಾಗಿಸಿದರು. ಟೆಸ್ಟರಿನೊಳಗಿನ ಪುಟ್ಟ ಕೆಂಪು ದೀಪ ಹತ್ತಿತು. ಅಂದರೆ ಮಷಿನ್ನಿನ ಮೈಯಲ್ಲೇ ಕರೆಂಟಿತ್ತು. ಶಾಲೆಗೆ ಹೊರಡುವ ಅವಸರದಲ್ಲಿದ್ದ ಲತಾ ಚಹಾ ಹಿಡಿದು ಬಂದಳು. ಹಮ್ಮಣ್ಣ ಚಹಾ ತೆಗೆದುಕೊಳ್ಳಲಿಲ್ಲ. "ಅಕ್ಕೋರೆ, ಇದು ನಿಮಗೆ ಹೊಡೀತದಾ?" ಎಂದು ಕೇಳಿದರು.

"ಹೊಡೀತದೆ. ಮೊದಲಿಂದನೂ. ಮಳೆಗಾಲದಲ್ಲಿ ಜಾಸ್ತಿ."

"ಸಾಹೇಬ್ರಿಗೆ ಹೇಳಿಲ್ವಾ?"

ಲತಾ ನನ್ನ ಕಡೆ ನೋಡಲಿಲ್ಲ. ಚಹಾದ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, "ಹೇಳಿದ್ದೆ" ಎಂದಳು.

ಹೇಳಿದ್ದಳು. ಎಷ್ಟು ಸಲ ಎಂದು ನನಗೆ ನೆನಪಿಲ್ಲ. ನಾನು ಕೊಟ್ಟ ಉತ್ತರಗಳು ಮಾತ್ರ ಒಂದೊಂದಾಗಿ ನೆನಪಾದವು. ಮೊದಲ ವರ್ಷ, "ಹೊಸ ಮಷಿನ್, ಸ್ವಲ್ಪ ದಿನ ಹಾಗೆ ಇರ್ತದೆ" ಎಂದಿದ್ದೆ. ಆಮೇಲೊಮ್ಮೆ, "ಸಮುದ್ರದ ಊರು, ಗಾಳಿಯಲ್ಲೇ ಉಪ್ಪು, ಎಲ್ಲರ ಮನೆಯಲ್ಲೂ ಹೀಗೇ" ಎಂದಿದ್ದೆ. ಎಲ್ಲರ ಮನೆಯನ್ನು ನಾನೇನು ಮುಟ್ಟಿ ನೋಡಿದ್ದೆನೇ? ಇನ್ನೊಮ್ಮೆ, ಪೇಪರು ಓದುತ್ತಿದ್ದವನು ತಲೆಯೆತ್ತದೆ, "ಚಪ್ಪಲಿ ಹಾಕ್ಕೊಂಡು ಒಗಿ" ಎಂದೆ. ಅವಳು ಅಂದಿನಿಂದ ರಬ್ಬರ್ ಚಪ್ಪಲಿ ಹಾಕಿಕೊಂಡೇ ಒಗೆಯುತ್ತಿದ್ದಳು. ಅದೂ ಸಾಲದೆಂದು, ಶಾಲೆಯಲ್ಲಿ ಮುರಿದು ಬಿದ್ದಿದ್ದ ಬೆಂಚಿನ ಹಲಗೆಯೊಂದನ್ನು ಕೇಳಿ ತಂದು ಮಷಿನ್ನಿನ ಎದುರು ಹಾಕಿಕೊಂಡಿದ್ದಳು. ಆ ಹಲಗೆಯನ್ನು ನಾನು ದಿನಾ ನೋಡುತ್ತಿದ್ದೆ. ಒಮ್ಮೆ ಎಡವಿ, ಇದನ್ನು ಇಲ್ಲಿ ಯಾಕೆ ಹಾಕಿದ್ದೀ ಎಂದು ಸಿಟ್ಟು ಮಾಡಿದ್ದೂ ಇದೆ. ಹಾಲಿನ ಇನ್ನೊಂದು ತುದಿಯಲ್ಲಿ ಕೂತು ಡಬ್ಬಿಯೊಳಗಿನ ದುಂಬಿಯ ಸದ್ದನ್ನು ಹಿಡಿಯುವ ನನ್ನ ಕಿವಿಗೆ, ಕೈಯಳತೆಯಲ್ಲಿ ನಿಂತು ಹೆಂಡತಿ ಹೇಳಿದ್ದು ಹನ್ನೊಂದು ವರ್ಷ ತಾಗಿರಲಿಲ್ಲ.

ಹಮ್ಮಣ್ಣ ಮೆಟ್ಟಿಲ ಮೇಲೆ ಕೂತರು. ಕೂತಲ್ಲಿಂದಲೇ ಹೇಳಿದರು: "ಸಾಹೇಬ್ರೆ, ನನ್ನ ಬೆರಳು ಹೋದದ್ದು ಕಂಬದ ಮೇಲೆ. ಅದು ನನ್ನ ಕೆಲಸ, ಅದಕ್ಕೆ ನಂಗೆ ಬೇಜಾರಿಲ್ಲ. ಆದ್ರೆ ನಾನು ನೋಡೂಕೆ ಹೋದ ಹೆಣ ಎಲ್ಲಾ ಮನೆ ಒಳಗಿಂದು. ಬಚ್ಚಲಲ್ಲಿ, ಗ್ರೈಂಡರ್ ಬುಡದಲ್ಲಿ. ಒಂದು ಕಡೆ ಹೆಂಗಸು ಇನ್ನೂ ಹಿಟ್ಟಿನ ಕೈಯಲ್ಲೇ ಇತ್ತು. ಗಂಡ ಬಾಗ್ಲಲ್ಲಿ ನಿಂತ್ಕಂಡು ಬಂದವರಿಗೆಲ್ಲ ಒಂದೇ ಮಾತು ಹೇಳ್ತಿದ್ದ. ಚುರುಗುಡ್ತದೆ ಅಂತ ಹೇಳ್ತಿತ್ತು, ಚುರುಗುಡ್ತದೆ ಅಂತ ಹೇಳ್ತಿತ್ತು, ಅಂತ."

ಲತಾಳ ಶಾಲೆಯ ಹೊತ್ತು ಮೀರುತ್ತಿತ್ತು. ಆದರೂ ಅವಳು ಹೋಗಲಿಲ್ಲ. ಹಮ್ಮಣ್ಣ ಎದ್ದು, ಮಷಿನ್ನಿನ ವೈರನ್ನು ಸಾಕೆಟ್ಟಿನಿಂದ ಎಳೆದು, ಚೀಲದಿಂದ ಇಕ್ಕಳ ತೆಗೆದು, ಅದರ ಪಿನ್ನನ್ನು ಬುಡದಲ್ಲೇ ಕತ್ತರಿಸಿ ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡರು. "ನಿಮ್ಮ ಹಾಡು ಆಮೇಲೆ. ಮೊದಲು ಇದು. ಅರ್ತ್ ಆದ ಮೇಲೆ ಪಿನ್ ವಾಪಸ್ ಕೊಡ್ತೆ" ಎಂದರು. ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ನನಗೆ ಮೆಮೋ ಕೊಟ್ಟವರಿದ್ದಾರೆ. ಯಾವ ಮೆಮೋವೂ ಆ ಜೇಬಿಗೆ ಹೋದ ಪಿನ್ನಿನಷ್ಟು ತಾಗಿರಲಿಲ್ಲ. ಆ ಹೊತ್ತಿಗೆ ನಾನು ಗವಂಡಿಯ ಕತೆಯನ್ನೂ ಹೇಳಿಬಿಟ್ಟೆ. ಹಮ್ಮಣ್ಣನಿಗೆ ಹೇಳುವಂತೆ ಹೇಳಿದೆ, ಆದರೆ ಹೇಳಿದ್ದು ಲತಾಳಿಗೆ. ಅವಳು, "ಏರಿಯಲ್ಲಾ?" ಎಂದಳು. ಬ್ಯಾಗು ಹೆಗಲಿಗೆ ಹಾಕಿಕೊಂಡು ಶಾಲೆಗೆ ಹೋದಳು.

ಹೊಸ ಅರ್ತಿಗೆ ಹಿತ್ತಲಲ್ಲಿ ಬೇಕಾದ ಹೊಂಡ ತೋಡಲು ಆಳು ಸಿಗಲಿಲ್ಲ. ಇದ್ದವರೆಲ್ಲ ಮುಂದಿನ ವಾರ ಎಂದರು. ಮುಂದಿನ ವಾರ ಎಂಬ ಮಾತನ್ನು ಲತಾಳ ಎದುರು ಹೇಳುವ ಧೈರ್ಯ ನನಗಿರಲಿಲ್ಲ. ರಜೆ ಹಾಕಿ ನಾನೇ ಪಿಕಾಸಿ ಹಿಡಿದೆ. ನಮ್ಮ ಹಿತ್ತಲಿನ ನೆಲ ಒಂದು ಮೊಳ ಮಣ್ಣು, ಕೆಳಗೆಲ್ಲ ಚಿರೆಕಲ್ಲು. ಮೊದಲ ತಾಸಿನಲ್ಲಿ ನಾನು ತೋಡಿದ್ದು ತುಳಸಿ ನೆಡಲು ಸಾಕಾಗುವಷ್ಟು. ಹಮ್ಮಣ್ಣ ದಿನಾ ಮೊದಲ ಬಸ್ಸಿಗೆ ಬಂದು, ಕಲ್ಲಿನ ಮೇಲೆ ಕೂತು, "ಇನ್ನೂ ಕೆಳಗೆ, ತಂಪು ಸಿಗೂವರೆಗೆ" ಎನ್ನುತ್ತಿದ್ದರು. ಶಾಂತಾರಾಮ ಮಾವ ಕಂಪೌಂಡಿನ ಮೇಲಿಂದ ಇಣುಕಿ, "ಬಾವಿಯೋ?" ಎಂದು ಕೇಳಿದರು. ಸಂಗೀತಕ್ಕೆ ಎಂದೆ. ಅವರು ಬಹಳ ಹೊತ್ತು ನನ್ನನ್ನೇ ನೋಡಿ ಒಳಗೆ ಹೋದರು. ಎರಡನೆಯ ದಿನ ಅಂಗೈಯಲ್ಲಿ ಬೊಬ್ಬೆ ಎದ್ದವು. ಮೂರನೆಯ ದಿನ ಸಂಜೆ, ನಾನು ಎದೆಯುದ್ದದ ಹೊಂಡದಲ್ಲಿ ನಿಂತಿದ್ದಾಗ, ಕಾಲ ಕೆಳಗೆ ತಂಪು ತಾಗಿತು. ಶಾಲೆಯಿಂದ ಬಂದ ಲತಾ ದಂಡೆಯ ಮೇಲೆ ನಿಂತು ಕೆಳಗೆ ನೋಡಿದಳು. "ಕೈ ಕೊಡ್ಲಾ?" ಎಂದಳು. ಆ ಮೂರು ದಿನಗಳಲ್ಲಿ ಅವಳು ನನ್ನೊಡನೆ ಊಟಕ್ಕೆ ಸಂಬಂಧವಿಲ್ಲದ ಮಾತಾಡಿದ್ದು ಅದೇ ಮೊದಲು. ನಾನು ಕೈ ಚಾಚಿದೆ. ಬೊಬ್ಬೆಗಳನ್ನು ನೋಡಿ ಅವಳು ಅಂಗೈ ಬಿಟ್ಟು ಮಣಿಕಟ್ಟು ಹಿಡಿದು ಎಳೆದಳು.

ಹೊಂಡದ ನಡುವೆ ಕಬ್ಬಿಣದ ಪೈಪು ನಿಲ್ಲಿಸಿ, ಸುತ್ತ ಒಂದು ಪದರ ಇದ್ದಲು, ಒಂದು ಪದರ ಕಲ್ಲುಪ್ಪು, ಮತ್ತೆ ಇದ್ದಲು, ಮತ್ತೆ ಉಪ್ಪು ತುಂಬಿದೆವು. ಪೈಪಿನಿಂದ ಹೊಸ ತಂತಿ ಎಳೆದು ಮೀಟರ್ ಬೋರ್ಡಿಗೆ ಸೇರಿಸಿ, ಅಲ್ಲಿಂದ ಒಂದೊಂದು ಸಾಕೆಟ್ಟಿನ ಮೂರನೆಯ ತೂತಿಗೂ ಹಮ್ಮಣ್ಣ ಸಂಪರ್ಕ ಕೊಟ್ಟರು. ಕರೆಂಟು ಎಲ್ಲಾದರೂ ಸೋರಿದ ಕೂಡಲೇ ತಾನೇ ಕೆಳಗೆ ಬೀಳುವ ಒಂದು ಸ್ವಿಚ್ಚನ್ನೂ ಹಾಕಿದರು. ಜೇಬಿನ ಪಿನ್ನನ್ನು ವೈರಿಗೆ ಮತ್ತೆ ಜೋಡಿಸಿ ಮಷಿನ್ ಹಚ್ಚಿದ್ದೇ ತಡ, ಆ ಸ್ವಿಚ್ಚು ಟಪ್ಪೆಂದು ಬಿದ್ದು ಮನೆಯೆಲ್ಲ ಆರಿತು. "ನೋಡಿ, ಅದಕ್ಕೆ ಒಂದೇ ಸಲ ಹೇಳಿದ್ರೆ ಸಾಕು" ಎಂದರು ಹಮ್ಮಣ್ಣ. ಅವರು ಅದನ್ನು ಸ್ವಿಚ್ಚಿನ ಗುಣವಾಗಿ ಹೇಳಿದರೋ ಏನೋ, ನಾನು ಮಾತ್ರ ನೆಲ ನೋಡಿದೆ. ಮಷಿನ್ ಬಿಚ್ಚಿದರು. ಮೋಟಾರಿಗೆ ಹೋಗುವ ವೈರು ಒಳಗಿನ ತಗಡಿಗೆ ಉಜ್ಜಿ ಉಜ್ಜಿ ಸಿಪ್ಪೆ ಹೋಗಿ ಬರಿಮೈಯಾಗಿತ್ತು. ಅದನ್ನು ಬದಲಿಸಿದರು. ಆಮೇಲೆ ಆ ತಂತಿ ಕಟ್ಟಿದ ಬಲ್ಬು ಹಿಡಿದು, ಒಂದು ತುದಿ ಫೇಸಿಗೆ, ಇನ್ನೊಂದು ಮೂರನೆಯ ತೂತಿಗೆ. ಬಲ್ಬು ಝಗ್ಗನೆ ಉರಿಯಿತು. ಈ ಪರೀಕ್ಷೆಯನ್ನೂ ಸೋರಿಕೆ ಎಂದು ತಿಳಿದು ಬೀಳದಿರಲೆಂದು ಕ್ಷಣಕಾಲ ಲೈನಿನಿಂದ ತಪ್ಪಿಸಿದ್ದ ಆ ಹೊಸ ಸ್ವಿಚ್ಚನ್ನು ಮತ್ತೆ ಸೇರಿಸುತ್ತ, "ಮುಟ್ಟಿ ನೋಡಿ ಅಕ್ಕೋರೆ, ಈಗ ಎಂತ ಆಗೂದಿಲ್ಲ" ಎಂದರು.

ಲತಾ ಮುಂದೆ ಬರಲಿಲ್ಲ. "ಇವರು ಮುಟ್ಲಿ ಮೊದಲು," ಎಂದಳು. "ಚಪ್ಪಲಿ ಬಿಟ್ಟು."

ನಾನು ಚಪ್ಪಲಿ ಬಿಟ್ಟೆ. ಅವಳು ಹಲಗೆಯನ್ನು ಕಾಲಿನಿಂದ ಬದಿಗೆ ಸರಿಸಿ, ಒಂದು ತಂಬಿಗೆ ನೀರನ್ನು ನೆಲಕ್ಕೆ ಚೆಲ್ಲಿದಳು. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಆ ಮಷಿನ್ನಿನ ಎದುರು ಕೈ ಎತ್ತಿದಾಗ, ನನಗೊಂದು ವಿಷಯ ಹೊಳೆಯಿತು. ಹನ್ನೊಂದು ವರ್ಷದಲ್ಲಿ ನಾನು ಅದನ್ನು ಒಂದು ಸಲವೂ ಮುಟ್ಟಿರಲಿಲ್ಲ. ನನ್ನ ಬಟ್ಟೆಗಳು ಮೂಲೆಯ ಬುಟ್ಟಿಗೆ ಬೀಳುತ್ತಿದ್ದವು, ಎರಡು ದಿನ ಬಿಟ್ಟು ಇಸ್ತ್ರಿಯಾಗಿ ಕಪಾಟಿನಲ್ಲಿ ಇರುತ್ತಿದ್ದವು. ನಡುವೆ ಏನಾಗುತ್ತದೆ ಎಂದು ನನಗೆ ತಿಳಿಯದು. ಹಮ್ಮಣ್ಣ ಮಾಡಿದ್ದೆಲ್ಲ ಕಣ್ಣಾರೆ ಕಂಡಿದ್ದರೂ ನನ್ನ ಕೈ ಮುಂದೆ ಹೋಗಲೊಲ್ಲದು. ವಾರಕ್ಕೆ ಮೂರು ಸಲ ಇದರ ಎದುರು ನಿಲ್ಲುತ್ತಿದ್ದವಳು ನನ್ನ ಬದಿಗೇ ಇದ್ದಳು. ಕಣ್ಣು ಮುಚ್ಚಿ ಅಂಗೈ ಊರಿದೆ. ತಣ್ಣನೆಯ ತಗಡು, ಅಷ್ಟೇ. ಕಣ್ಣು ತೆರೆದಾಗ ಲತಾ ನಗುತ್ತಿದ್ದಳು. ಹಮ್ಮಣ್ಣನೂ ಆಗಲೇ ಮೊದಲ ಸಲ ಚಹಾ ಕೇಳಿದರು.

ಗುಂಯ್ ಹೋಯಿತೇ ಎಂದು ನೀವು ಕೇಳಬಹುದು. ಹೋಯಿತು. ಮುಂದಿನ ಭಾನುವಾರ ದಿನಕರ ಬಂದು ಸ್ಪೀಕರಿಗೆ ಕಿವಿ ಹಚ್ಚಿ, "ಈಗ ಕರೆಂಟು ಸಾಫ್ ಆಯ್ತು ನೋಡು" ಎಂದು ತಾನೇ ತೊಳೆದುಕೊಟ್ಟವನಂತೆ ಹೇಳಿದ. ಅವನು ಹೋದ ಮೇಲೆ ಸಮದೂರದ ಕುರ್ಚಿಯಲ್ಲಿ ಕೂತು ಹಾಡು ಹಚ್ಚಿದೆ. ಗಾಯಕ ಉಸಿರಿಗಾಗಿ ನಿಂತಲ್ಲೆಲ್ಲ ನಿಜವಾದ ಮೌನ ಇತ್ತು. ಆ ಮೌನದಲ್ಲಿ ಹಿಂದಿನ ಜಗಲಿಯಿಂದ ಬಕೆಟ್ಟಿನ ಸದ್ದು ಕೇಳಿಸಿತು. ಮೊದಲಾಗಿದ್ದರೆ ಬಾಗಿಲು ಹಾಕಿಕೋ ಎನ್ನುತ್ತಿದ್ದೆ. ಅಂದು ಎದ್ದು ಹೋಗಿ ಬಾಗಿಲಲ್ಲಿ ನಿಂತೆ. ಲತಾ ನನ್ನನ್ನು ನೋಡಿರಲಿಲ್ಲ. ಬಟ್ಟೆಯ ರಾಶಿಯನ್ನು ಸೊಂಟಕ್ಕೆ ಒತ್ತಿಕೊಂಡು, ಮಷಿನ್ನಿನ ಮುಚ್ಚಳ ತೆಗೆಯುವ ಮೊದಲು, ಬಲಗೈಯ ಹಿಂಬದಿಯನ್ನು ಒಮ್ಮೆ ಅದಕ್ಕೆ ಸರಕ್ಕನೆ ತಾಗಿಸಿ ಹಿಂದೆ ತೆಗೆದುಕೊಂಡಳು. ಕಾವಲಿ ಕಾದಿದೆಯೋ ಎಂದು ನೋಡುವವರು ತಾಗಿಸುತ್ತಾರಲ್ಲ, ಹಾಗೆ. ಆಮೇಲೆ ಮುಚ್ಚಳ ತೆಗೆದಳು.

"ಈಗ ಹೊಡೆಯೂದಿಲ್ಲ ಅಲ್ಲಾ?" ಎಂದೆ.

ಅವಳು ತಿರುಗಿ ನೋಡಿದಳು. "ಎಂತಕ್ಕೆ ಕೇಳ್ತ್ರಿ?"

"ಮುಟ್ಟಿ ನೋಡಿದೆಯಲ್ಲ."

"ಮುಟ್ಟಿದ್ನಾ?" ಎಂದು ಅವಳು ತನ್ನ ಕೈಯನ್ನೇ ನೋಡಿಕೊಂಡಳು. ಅವಳಿಗೆ ಅದು ಗೊತ್ತೇ ಇರಲಿಲ್ಲ.

ನಾನು ಆ ಬಟ್ಟೆಯ ರಾಶಿಯನ್ನು ಅವಳ ಕೈಯಿಂದ ತೆಗೆದುಕೊಂಡೆ. ಇನ್ನು ಮೇಲೆ ಇದು ನನ್ನ ಕೆಲಸ ಎಂದು ದೊಡ್ಡದಾಗಿ ಸಾರಿದೆ. ಆಮೇಲೆ ಯಾವ ಗುಂಡಿ ಒತ್ತಬೇಕೆಂದು ಅವಳನ್ನೇ ಕೇಳಬೇಕಾಯಿತು. ಹಾಲಿನಲ್ಲಿ ಹಾಡು ತನ್ನಷ್ಟಕ್ಕೆ ಮುಗಿಯಿತು. ನಾನು ಎರಡು ಬಿಳಿ ಅಂಗಿಗಳನ್ನು ಅವಳ ಹೊಸ ಕೆಂಪು ಸೀರೆಯ ಜೊತೆ ಹಾಕಿ, ಎರಡನ್ನೂ ಒಂದೇ ಬಣ್ಣಕ್ಕೆ ತಂದೆ. ಆ ಅಂಗಿಗಳನ್ನು ಹಾಕಿಕೊಂಡೇ ಈಗಲೂ ಕಚೇರಿಗೆ ಹೋಗುತ್ತೇನೆ.

ಅಂದಿನಿಂದ ಭಾನುವಾರದ ಒಗೆತ ನನ್ನದು. ಲತಾ ಆ ಹೊತ್ತಿಗೆ ಬಾಗಿಲು ಹಾಕಿಕೊಂಡು, ಹಾಲಿನಲ್ಲಿ ಆ ಕುರ್ಚಿಯ ಮೇಲೆ ಕಾಲು ಚಾಚಿ ಕೂರುತ್ತಾಳೆ. ಹಾಡು ಹಚ್ಚುವುದಿಲ್ಲ. ಎಷ್ಟು ಚೊಲೋ ಕೇಳಿಸ್ತದೆ ಈಗ, ಎನ್ನುತ್ತಾಳೆ. ನಾನು ಹಿಂದಿನ ಜಗಲಿಯಲ್ಲಿ ಬಟ್ಟೆ ಹಿಡಿದು ನಿಂತು, ಮುಚ್ಚಳ ತೆಗೆಯುವ ಮೊದಲು ಕೈಯ ಹಿಂಬದಿಯನ್ನು ಒಮ್ಮೆ ತಾಗಿಸಿ ನೋಡುತ್ತೇನೆ. ಹಮ್ಮಣ್ಣ ಮಾಡಿದ ಕೆಲಸದ ಮೇಲೆ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೆ ಆ ಹೊಂಡ ತೋಡಿದವನು ಯಾರೆಂದು ನನಗೆ ಗೊತ್ತಿದೆಯಲ್ಲ.